ಜರ್ಮನ್‌ನಲ್ಲಿ ನಾಮಪದಕ್ಕೆ "ಇಲ್ಲ", "ಅಲ್ಲ" ಹೇಳೋದು ಹೇಗೆ: ಕೈನ್ ಮತ್ತು ನಿಶ್ಟ್ ಬಗ್ಗೆ ಸಮಗ್ರ ಮಾರ್ಗದರ್ಶಿ

ಜರ್ಮನ್‌ನಲ್ಲಿ ಒಂದು ವಸ್ತು ಇಲ್ಲ ಅಂತಾನೋ ಅಲ್ಲ ಅಂತಾನೋ ಹೇಳೋಕೆ ಮುಖ್ಯವಾಗಿ ಎರಡು ಪದ ಇದೆ, ಒಂದು ಕೈನ್, ಇನ್ನೊಂದು ನಿಶ್ಟ್. ಎ1, ಅಂದ್ರೆ ಜರ್ಮನ್‌ನ ಮೊದಲ ಹಂತ, ಕಲಿಯೋ ನಮ್ಮವರು, ಅಂದ್ರೆ ವೀಸಾಗೆ ಪರೀಕ್ಷೆ ಕಟ್ಟೋರು, ನರ್ಸಿಂಗ್ ಕೆಲಸಕ್ಕೆ ಹೋಗೋರು, ಅಲ್ಲಿ ಮಾಸ್ಟರ್ಸ್ ಮಾಡೋಕೆ ಹೊರಟೋರು, ಎಲ್ರೂ ಇಲ್ಲಿ ಒಂದ್ಸಲ ನಿಂತೇ ನಿಲ್ತಾರೆ. ರೂಲ್ ಅಷ್ಟೇನೂ ಕಷ್ಟ ಇಲ್ಲ, ಆದ್ರೆ ಪುಸ್ತಕಗಳೆಲ್ಲ ಇಂಗ್ಲಿಷ್ ಮೂಲಕ ವಿವರಿಸ್ತಾವೆ, ಕನ್ನಡದಲ್ಲಿ ಯೋಚನೆ ಮಾಡೋರಿಗೆ ಎಲ್ಲಿ ಎಡವಟ್ಟಾಗತ್ತೆ ಅನ್ನೋದನ್ನ ಯಾರೂ ಹೇಳಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಉಚ್ಚಾರಣೆ ಬಗ್ಗೆ ಎರಡು ಮಾತು. ಜರ್ಮನ್ ಪದಗಳನ್ನೂ ಇಲ್ಲಿ ಕನ್ನಡ ಲಿಪೀಲೇ ಬರ್ದಿದೀನಿ. ಕೈನ್ ಸ್ಪೆಲಿಂಗ್ ಕೆ, ಇ, ಐ, ಎನ್. ಜರ್ಮನ್‌ನಲ್ಲಿ ಇ, ಐ ಜೊತೆಗೆ ಬಂದ್ರೆ "ಐ" ಅಂತ ಓದ್ಬೇಕು, ತಿರುಗಿಸಿ ಐ, ಇ ಬಂದ್ರೆ "ಈ". ನಿಶ್ಟ್ ಅಲ್ಲಿರೋ ಶ ನಮ್ಮ ಪೂರ್ತಿ ಶ ಅಲ್ಲ, ನಾಲಿಗೆನ "ಯ" ಹೇಳೋ ಜಾಗದಲ್ಲಿ ಇಟ್ಕೊಂಡು ಬರೀ ಗಾಳಿ ಬಿಟ್ರೆ ಬರೋ ಸದ್ದು. ನೋಖ್, ಡೋಖ್ ಅಲ್ಲಿರೋ ಖ ಗಂಟಲಿಂದ ಬರ್ಬೇಕು.

ಅಲ್ಲ, ಇಲ್ಲ ನೋಡಿ ಆರಿಸ್ಕೋಬೇಡಿ

ಕನ್ನಡದಲ್ಲಿ ನಮಗೆ "ಅಲ್ಲ" ಬೇರೆ, "ಇಲ್ಲ" ಬೇರೆ. ಜರ್ಮನ್‌ನಲ್ಲೂ ಎರಡು ಪದ ನೋಡಿದ ತಕ್ಷಣ ನಮ್ಮ ತಲೆ ತಾನಾಗೇ ಜೋಡಿ ಮಾಡ್ಬಿಡತ್ತೆ, ಅಲ್ಲ ಅಂದ್ರೆ ನಿಶ್ಟ್, ಇಲ್ಲ ಅಂದ್ರೆ ಕೈನ್ ಅಂತ. ಕಾರಿನ ಮೇಲೆ ನಾಲ್ಕು ವಾಕ್ಯ ಮಾಡಿ ನೋಡೋಣ, ಕಾರಿಗೆ ಜರ್ಮನ್‌ನಲ್ಲಿ ಔಟೊ.

ಇದು ಕಾರಲ್ಲ: ಡಾಸ್ ಇಸ್ಟ್ ಕೈನ್ ಔಟೊ.
ನನ್ನ ಹತ್ರ ಕಾರಿಲ್ಲ: ಇಶ್ ಹಾಬೆ ಕೈನ್ ಔಟೊ.
ಇದು ನನ್ನ ಕಾರಲ್ಲ: ಡಾಸ್ ಇಸ್ಟ್ ನಿಶ್ಟ್ ಮೈನ್ ಔಟೊ.
ಆ ಕಾರು ಇಲ್ಲಿ ಇಲ್ಲ: ಡಾಸ್ ಔಟೊ ಇಸ್ಟ್ ನಿಶ್ಟ್ ಹೀರ್.

ಮೊದಲನೇದ್ರಲ್ಲಿ ಅಲ್ಲ, ಎರಡನೇದ್ರಲ್ಲಿ ಇಲ್ಲ, ಎರಡಕ್ಕೂ ಕೈನ್ ಬಂತು. ಮೂರನೇದ್ರಲ್ಲಿ ಮತ್ತೆ ಅಲ್ಲ, ನಾಲ್ಕನೇದ್ರಲ್ಲಿ ಇಲ್ಲ, ಎರಡಕ್ಕೂ ನಿಶ್ಟ್. ಅಂದ್ರೆ ನಮ್ಮ ಅಲ್ಲ ಇಲ್ಲ ವ್ಯತ್ಯಾಸಕ್ಕೂ ಅವರ ಕೈನ್ ನಿಶ್ಟ್ ವ್ಯತ್ಯಾಸಕ್ಕೂ ಸಂಬಂಧಾನೇ ಇಲ್ಲ. ಇಂಗ್ಲಿಷ್‌ನಿಂದ ಬಂದ್ರೂ ಇದೇ ಗತಿ, ಅಲ್ಲಿ "ನಾಟ್" ಒಂದನ್ನ ಕ್ರಿಯಾಪದದ ಪಕ್ಕ ಹಾಕಿದ್ರೆ ಕೆಲಸ ಮುಗೀತು, ಆ ಅಭ್ಯಾಸದಲ್ಲೇ "ಇಶ್ ಹಾಬೆ ನಿಶ್ಟ್ ಐನ್ ಔಟೊ" ಅಂತ ಬಾಯಿಗೆ ಬರತ್ತೆ, ಅದು ತಪ್ಪು. ಹಾಗಾದ್ರೆ ನೋಡ್ಬೇಕಾಗಿರೋದು ಏನನ್ನ? ನಾಮಪದದ ಹಿಂದೆ, ಅಂದ್ರೆ ಅದಕ್ಕಿಂತ ಮುಂಚೆ, ಯಾವ ಪದ ಕೂತಿದೆ ಅನ್ನೋದನ್ನ, ಅಷ್ಟೇ.

ಸ್ಟೆಪ್ 1: ಮೊದ್ಲು ಪಾಸಿಟಿವ್ ವಾಕ್ಯ ಬರೀರಿ

ನೆಗೆಟಿವ್ ವಾಕ್ಯನ ನೇರವಾಗಿ ಕಟ್ಟೋಕೆ ಹೋಗ್ಬೇಡಿ. "ನನ್ನ ಹತ್ರ ಬೀಗದ ಕೈ ಇಲ್ಲ" ಅನ್ನಬೇಕಾ, ಮೊದ್ಲು "ನನ್ನ ಹತ್ರ ಬೀಗದ ಕೈ ಇದೆ" ಅನ್ನೋದನ್ನ ಜರ್ಮನ್‌ನಲ್ಲಿ ಬರೀರಿ: ಇಶ್ ಹಾಬೆ ಐನೆನ್ ಶ್ಲುಸೆಲ್. ಶುರೂನಲ್ಲಿ ಪೇಪರ್ ಮೇಲೇ ಬರೆಯೋದು ಒಳ್ಳೇದು, ಆಮೇಲಾಮೇಲೆ ತಲೇಲೇ ಆಗತ್ತೆ. ಈ ಸ್ಟೆಪ್ ಬಿಟ್ಟೋರೇ ಜಾಸ್ತಿ ಕನ್‌ಫ್ಯೂಸ್ ಆಗೋದು, ಯಾಕಂದ್ರೆ ಮುಂದಿನ ತೀರ್ಮಾನಕ್ಕೆಲ್ಲ ಈ ಪಾಸಿಟಿವ್ ವಾಕ್ಯಾನೇ ಆಧಾರ.

ಸ್ಟೆಪ್ 2: ನಾಮಪದದ ಹಿಂದೆ ಏನಿದೆ ನೋಡಿ

ಐನ್, ಐನೆ, ಐನೆನ್ ಹೀಗೆ "ಒಂದು" ಅನ್ನೋ ಆರ್ಟಿಕಲ್ ಇದ್ರೆ ಅದರ ಶುರೂನಲ್ಲಿ "ಕ" ಸೇರಿಸಿ, ಕೈನ್ ಆಯ್ತು. ಐನೆನ್ ಶ್ಲುಸೆಲ್ ಇದ್ದಿದ್ದು ಕೈನೆನ್ ಶ್ಲುಸೆಲ್ ಆಗತ್ತೆ, ಇಶ್ ಹಾಬೆ ಕೈನೆನ್ ಶ್ಲುಸೆಲ್. ಬಾಲ ಏನಿದೆಯೋ ಅದು ಹಾಗೇ ಉಳಿಯತ್ತೆ.

ಹಿಂದೆ ಏನೂ ಇಲ್ದಿದ್ರೂ ಕೈನ್. ಇದು ಎರಡು ಕಡೆ ಬರತ್ತೆ. ಬಹುವಚನದಲ್ಲಿ: ಇಶ್ ಹಾಬೆ ಕಿಂಡರ್ (ನನಗೆ ಮಕ್ಕಳಿದಾರೆ), ಇಶ್ ಹಾಬೆ ಕೈನೆ ಕಿಂಡರ್. ಮತ್ತೆ ಎಣಿಸೋಕಾಗದ ವಸ್ತುಗಳಲ್ಲಿ, ಅಂದ್ರೆ ಹಣ, ಟೈಮು, ಹಸಿವು, ಭಯ, ಹಾಲು, ನೀರು ಇಂಥವು: ಕೈನ್ ಗೆಲ್ಟ್ (ಹಣ ಇಲ್ಲ), ಕೈನೆ ಟ್ಸೈಟ್ (ಟೈಮಿಲ್ಲ), ಕೈನೆನ್ ಹುಂಗರ್ (ಹಸಿವಿಲ್ಲ), ಕೈನೆ ಆಂಗ್ಸ್ಟ್ (ಭಯ ಇಲ್ಲ).

ಡೇರ್, ಡೀ, ಡಾಸ್ (ಇಂಗ್ಲಿಷ್‌ನ "ದ" ಥರ, ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಕ್ಕೆ ಒಂದೊಂದು) ಇದ್ರೆ, ಮೈನ್, ಡೈನ್ ಥರ "ನನ್ನ, ನಿನ್ನ" ಇದ್ರೆ, ಡೀಸರ್ ಥರ "ಈ" ಇದ್ರೆ, ಅಥವಾ ಅದು ವ್ಯಕ್ತಿಯ ಹೆಸರೋ ಊರಿನ ಹೆಸರೋ ಆಗಿದ್ರೆ ನಿಶ್ಟ್. ಆರ್ಟಿಕಲನ್ನ ಮುಟ್ಟಬಾರ್ದು, ಅದು ಇದ್ದ ಹಾಗೇ ಇರ್ಬೇಕು.

ಇಲ್ಲಿ ಕನ್ನಡ ಒಂದು ಕಡೆ ಚೆನ್ನಾಗಿ ಸಹಾಯ ಮಾಡತ್ತೆ. ನಮ್ಮಲ್ಲಿ ಆರ್ಟಿಕಲ್ ಇಲ್ಲ, ಆದ್ರೆ "ಕಾರು ತಗೊಂಡಿಲ್ಲ" ಅನ್ನೋದಕ್ಕೂ "ಕಾರನ್ನ ತಗೊಂಡಿಲ್ಲ" ಅನ್ನೋದಕ್ಕೂ ವ್ಯತ್ಯಾಸ ನಮಗೆ ಗೊತ್ತಾಗತ್ತೆ. ಮೊದಲನೇದು ಯಾವ ಕಾರೂ ತಗೊಂಡಿಲ್ಲ ಅಂತ, ಎರಡನೇದು ನಾವಿಬ್ರೂ ಮಾತಾಡ್ತಿದ್ದ ಆ ಕಾರನ್ನ ತಗೊಂಡಿಲ್ಲ ಅಂತ. ವಸ್ತುಗಳ ವಿಷಯದಲ್ಲಿ ಬಹುತೇಕ ಸಲ ಆ "ಅನ್ನ" ಬಂದ್ರೆ, ಅಥವಾ "ಆ, ಈ, ನನ್ನ" ಬಂದ್ರೆ, ಜರ್ಮನ್‌ನಲ್ಲಿ ನಿಶ್ಟ್. ಬರೀ "ಕಾರು" ಇದ್ರೆ, ಅಥವಾ "ಯಾವ ಕಾರೂ" ಅಂತ ಹೇಳೋಕಾದ್ರೆ, ಕೈನ್. ಇಶ್ ಹಾಬೆ ಕೈನ್ ಔಟೊ ಗೆಕೌಫ್ಟ್, ಇಶ್ ಹಾಬೆ ಡಾಸ್ ಔಟೊ ನಿಶ್ಟ್ ಗೆಕೌಫ್ಟ್.

ಸ್ಟೆಪ್ 3: ಕೈನ್‌ಗೆ ಸರಿಯಾದ ಬಾಲ ಹಾಕಿ

ಕೈನ್ ಅಂತ ಗೊತ್ತಾದ್ಮೇಲೂ ಕೆಲಸ ಅರ್ಧಾನೇ ಮುಗಿದಿರೋದು. ನಾಮಪದದ ಲಿಂಗ ಯಾವ್ದು, ವಾಕ್ಯದಲ್ಲಿ ಅದು ಯಾವ ವಿಭಕ್ತೀಲಿದೆ ಅನ್ನೋದು ನೋಡಿ ಬಾಲ ಬದಲಾಗತ್ತೆ. ಸಮಾಧಾನದ ವಿಷಯ ಏನಂದ್ರೆ ಏಕವಚನದಲ್ಲಿ ಐನ್‌ಗೆ ಏನು ಬಾಲಾನೋ ಕೈನ್‌ಗೂ ಅದೇ. ಐನ್‌ಗೆ ಬಹುವಚನ ಇಲ್ಲ, ಕೈನ್‌ಗೆ ಇದೆ, ಅದು ಕೈನೆ.

ಪ್ರಥಮಾ ವಿಭಕ್ತಿ: ಪುಲ್ಲಿಂಗ ಕೈನ್, ಸ್ತ್ರೀಲಿಂಗ ಕೈನೆ, ನಪುಂಸಕ ಕೈನ್, ಬಹುವಚನ ಕೈನೆ.
ದ್ವಿತೀಯಾ: ಪುಲ್ಲಿಂಗ ಕೈನೆನ್, ಉಳಿದ ಮೂರೂ ಪ್ರಥಮಾ ಥರಾನೇ.
ಡಾಟಿವ್, ಅಂದ್ರೆ ನಮ್ಮ ಚತುರ್ಥಿಗೆ ಹತ್ರ ಇರೋದು: ಕೈನೆಮ್, ಕೈನರ್, ಕೈನೆಮ್, ಬಹುವಚನ ಕೈನೆನ್.

ಷಷ್ಠಿ ರೂಪಗಳೂ ಇವೆ, ಕೈನೆಸ್, ಕೈನರ್ ಅಂತ, ಆದ್ರೆ ಎ1, ಎ2 ಮಟ್ಟದಲ್ಲಿ ಅದರ ತಂಟೆಗೆ ಹೋಗೋದು ಬೇಡ.

ದಿನನಿತ್ಯದ ಮಾತಲ್ಲಿ ಜಾಸ್ತಿ ಬೇಕಾಗೋದು ದ್ವಿತೀಯಾ. ಹಾಬೆನ್ (ಇರೋದು), ಬ್ರೌಖೆನ್ (ಬೇಕಾಗೋದು), ಕೌಫೆನ್ (ಕೊಳ್ಳೋದು), ಎಸ್ಸೆನ್ (ತಿನ್ನೋದು), ಟ್ರಿಂಕೆನ್ (ಕುಡಿಯೋದು), ಇವೆಲ್ಲ ದ್ವಿತೀಯಾನೇ ಕೇಳ್ತಾವೆ. "ಇದೆ" ಅನ್ನೋ ಅರ್ಥದ ಎಸ್ ಗಿಪ್ಟ್ ಕೂಡ ದ್ವಿತೀಯಾನೇ, ಇದು ನಮಗೆ ಸ್ವಲ್ಪ ವಿಚಿತ್ರ ಅನ್ಸತ್ತೆ, ಯಾಕಂದ್ರೆ ಕನ್ನಡದಲ್ಲಿ "ಲಿಫ್ಟ್ ಇಲ್ಲ" ಅಂದಾಗ ಲಿಫ್ಟ್ ಕರ್ತೃ. ಅಲ್ಲಿ ಮಾತ್ರ ಎಸ್ ಗಿಪ್ಟ್ ಕೈನೆನ್ ಔಫ್‌ಟ್ಸೂಗ್. ಇದಕ್ಕೆ ಎದುರು ಇಸ್ಟ್, ಅಂದ್ರೆ ಜೈನ್ (ಆಗಿರೋದು) ಕ್ರಿಯಾಪದ ಬಂದ್ರೆ ಎರಡೂ ಕಡೆ ಪ್ರಥಮಾ: ಡಾಸ್ ಇಸ್ಟ್ ಕೈನ್ ಔಫ್‌ಟ್ಸೂಗ್, ಇದು ಲಿಫ್ಟ್ ಅಲ್ಲ. ಅದೇ ಪದ, ಅದೇ ಲಿಂಗ, ಕ್ರಿಯಾಪದ ಬದಲಾದ ತಕ್ಷಣ ಕೈನೆನ್ ಹೋಗಿ ಕೈನ್.

ಈಗ ಒಂದು ವಾಕ್ಯ ಕೊಡ್ತೀನಿ, ಇದನ್ನ ಬಾಯಿಪಾಠ ಮಾಡಿ. ಸಸ್ಯಾಹಾರಿಗಳಿಗಂತೂ ಜರ್ಮನಿಯಲ್ಲಿ ದಿನಾ ಬೇಕಾಗೋ ವಾಕ್ಯ:

ಇಶ್ ಎಸ್ಸೆ ಕೈನ್ ಫ್ಲೈಶ್, ಕೈನೆನ್ ಫಿಶ್, ಕೈನೆ ವುರ್ಸ್ಟ್ ಉಂಟ್ ಕೈನೆ ಐಯರ್.

ಮಾಂಸ ತಿನ್ನಲ್ಲ, ಮೀನು ತಿನ್ನಲ್ಲ, ಸಾಸೇಜ್ ತಿನ್ನಲ್ಲ, ಮೊಟ್ಟೆ ತಿನ್ನಲ್ಲ. ಇದರಲ್ಲಿ ಡಾಸ್ ಫ್ಲೈಶ್ ನಪುಂಸಕ, ಡೇರ್ ಫಿಶ್ ಪುಲ್ಲಿಂಗ, ಡೀ ವುರ್ಸ್ಟ್ ಸ್ತ್ರೀಲಿಂಗ, ಐಯರ್ ಬಹುವಚನ, ಅಂದ್ರೆ ದ್ವಿತೀಯಾ ವಿಭಕ್ತಿಯ ನಾಲ್ಕೂ ರೂಪ ಒಂದೇ ವಾಕ್ಯದಲ್ಲಿ ಬಂದ್ಬಿಟ್ಟಿದೆ. ಯಾವ್ದೇ ಹೊಸ ಪದ ಬಂದ್ರೂ ಅದು ಫ್ಲೈಶ್ ಜಾತಿನಾ, ಫಿಶ್ ಜಾತಿನಾ, ವುರ್ಸ್ಟ್ ಜಾತಿನಾ ಅಂತ ನೋಡ್ಕೊಂಡ್ರೆ ಬಾಲ ತಾನಾಗೇ ಬರತ್ತೆ. ನನ್ನ ಪ್ರಕಾರ ಟೇಬಲ್ ಉರು ಹೊಡೆಯೋದಕ್ಕಿಂತ ಇದು ಎಷ್ಟೋ ಮೇಲು, ಮಾತಾಡುವಾಗ ಟೇಬಲ್ ನೆನಪಿಗೆ ಬರಲ್ಲ, ವಾಕ್ಯ ಬರತ್ತೆ.

ಲಿಂಗ ಗೊತ್ತಿಲ್ದೆ ಮಾತ್ರ ಇದ್ಯಾವ್ದೂ ನಡೆಯಲ್ಲ. ಹಾಗಾಗಿ ಹೊಸ ಪದ ಕಲಿಯುವಾಗಲೇ ಡೇರ್, ಡೀ, ಡಾಸ್ ಸೇರಿಸಿ ಕಲೀರಿ. ಒಂದೆರಡು ಗುರುತು ಹೇಳ್ತೀನಿ: "ಉಂಗ್" ಅನ್ನೋ ಪ್ರತ್ಯಯ ಹತ್ತಿ ಬಂದ ಪದಗಳು ಸ್ತ್ರೀಲಿಂಗ, ವೋನುಂಗ್ (ಮನೆ, ಫ್ಲ್ಯಾಟ್), ವೆರ್ಬುಂಗ್ (ಜಾಹೀರಾತು), ಫೆರ್‌ಜಿಶರುಂಗ್ (ವಿಮೆ), ಇವಕ್ಕೆಲ್ಲ ಕೈನೆ. ಕುಡಿಯೋದ್ರಲ್ಲಿ ಟೇ, ಕಾಫೇ, ಜಾಫ್ಟ್ (ಜ್ಯೂಸ್), ವೈನ್ ಇವೆಲ್ಲ ಪುಲ್ಲಿಂಗ, ಕೈನೆನ್. ವಾಸರ್ (ನೀರು) ಮತ್ತೆ ಬಿಯರ್ ನಪುಂಸಕ, ಕೈನ್. ಹಾಲು, ಮಿಲ್ಶ್, ಸ್ತ್ರೀಲಿಂಗ, ಕೈನೆ.

ಡಾಟಿವ್‌ಗೆ ಒಂದು ಉದಾಹರಣೆ ಸಾಕು. ಯಾವ ರೂಮಲ್ಲೂ ಟಿವಿ ಇಲ್ಲ: ಇನ್ ಕೈನೆಮ್ ಟ್ಸಿಮರ್ ಗಿಪ್ಟ್ ಎಸ್ ಐನೆನ್ ಫೆರ್ನ್‌ಸೇಎರ್. ಇಲ್ಲಿ ಗಮನಿಸಿ, ರೂಮಿಗೆ ಕೈನೆಮ್ ಹಾಕಿದ್ಮೇಲೆ ಟಿವಿಗೆ ಮತ್ತೆ ಕೈನೆನ್ ಹಾಕಿಲ್ಲ. ಒಂದು ವಾಕ್ಯಕ್ಕೆ ಒಂದೇ ನಿರಾಕರಣೆ. ಬವೇರಿಯಾ ಕಡೆ ಆಡುಮಾತಲ್ಲಿ ಕೈನ್ "ಕೋಆ" ಆಗತ್ತೆ, ಅದರ ಜೊತೆಗೆ ನಿಶ್ಟ್ ಬದಲು "ನೆಡ್" ಕೂಡ ಸೇರಿಸಿ ಎರಡೆರಡು ಸಲ ಇಲ್ಲ ಹೇಳೋದು ಕೇಳಿಸತ್ತೆ, ಮ್ಯೂನಿಕ್‌ನಲ್ಲಿರೋರು ಕೇಳಿರ್ತೀರ. ಅದು ಅಲ್ಲಿನ ಭಾಷೆಯ ಸೊಗಸು, ಪರೀಕ್ಷೇಲಿ ಬರೆಯೋಕೆ ಹೋಗ್ಬೇಡಿ.

ಸ್ಟೆಪ್ 4: ನಿಶ್ಟ್ ಆದ್ರೆ ಅದರ ಜಾಗ ಹುಡುಕಿ

ಕೈನ್‌ಗೆ ಜಾಗದ ತಲೆಬಿಸಿ ಇಲ್ಲ, ನಾಮಪದದ ಹಿಂದೇನೇ ಇರತ್ತೆ, ನಡುವೆ ವಿಶೇಷಣ ಬಂದ್ರೆ ಅದರ ಹಿಂದೆ. ನಿಶ್ಟ್ ಮಾತ್ರ ಓಡಾಡತ್ತೆ.

ಆಬ್ಜೆಕ್ಟ್ ನಿರ್ದಿಷ್ಟವಾಗಿದ್ದು ವಾಕ್ಯ ಸರಳವಾಗಿದ್ರೆ ನಿಶ್ಟ್ ಕೊನೇಲಿ: ಇಶ್ ಕೌಫೆ ಡಾಸ್ ಔಟೊ ನಿಶ್ಟ್. ವಾಕ್ಯದ ಕೊನೇಲಿ ಇನ್ನೊಂದು ಕ್ರಿಯಾಪದದ ತುಂಡು ಕೂತಿದ್ರೆ ಅದರ ಹಿಂದೆ: ಇಶ್ ಹಾಬೆ ಡಾಸ್ ಬೂಖ್ ನಿಶ್ಟ್ ಗೆಲೇಸೆನ್ (ಆ ಪುಸ್ತಕ ಓದಿಲ್ಲ), ಇಶ್ ರೂಫೆ ಮೈನೆ ಮುಟರ್ ನಿಶ್ಟ್ ಆನ್ (ಅಮ್ಮನಿಗೆ ಫೋನ್ ಮಾಡಲ್ಲ). ಊರು, ಜಾಗ, ದಿಕ್ಕು ಹೇಳೋ ಪ್ರಿಪೊಸಿಷನ್ ಇದ್ರೆ ಅದಕ್ಕಿಂತ ಮುಂಚೆ: ಇಶ್ ವೋನೆ ನಿಶ್ಟ್ ಇನ್ ಬೆರ್ಲೀನ್. ಇಸ್ಟ್ ಜೊತೆ "ನನ್ನ, ನಿನ್ನ" ಬಂದ್ರೆ ಅದಕ್ಕೂ ಮುಂಚೆ: ಡಾಸ್ ಇಸ್ಟ್ ನಿಶ್ಟ್ ಮೈನೆ ಟಾಶೆ, ಇದು ನನ್ನ ಬ್ಯಾಗಲ್ಲ.

ಒಂದು ವಸ್ತು ಅಲ್ಲ, ಇನ್ನೊಂದು ಅಂತ ಹೋಲಿಸಿ ಹೇಳುವಾಗ ನಿಶ್ಟ್ ಆ ವಸ್ತುವಿನ ಹಿಂದೇನೇ ಬರತ್ತೆ, ಆಮೇಲೆ ಸೊಂಡರ್ನ್. ಇಶ್ ನೇಮೆ ನಿಶ್ಟ್ ಡೇನ್ ಬುಸ್, ಸೊಂಡರ್ನ್ ಡೇನ್ ಟ್ಸೂಗ್, ಬಸ್ಸಲ್ಲ, ಟ್ರೇನ್ ಹಿಡೀತೀನಿ. ಇಲ್ಲಿ ಆಬರ್ (ಆದ್ರೆ) ಅನ್ನಬಾರ್ದು, ಮೊದಲಿನದನ್ನ ತೆಗೆದು ಅದರ ಜಾಗಕ್ಕೆ ಬೇರೇದನ್ನ ಇಡುವಾಗ ಸೊಂಡರ್ನೇ ಬೇಕು. ಎಣಿಕೆ ಒತ್ತಿ ಹೇಳುವಾಗ ಮಾತ್ರ ನಿಶ್ಟ್ ಐನ್ ಕೂಡ ಸರಿ: ಇಶ್ ಹಾಬೆ ನಿಶ್ಟ್ ಐನ್ ಕಿಂಟ್, ಸೊಂಡರ್ನ್ ಟ್ಸ್ವೈ, ಒಂದು ಮಗು ಅಲ್ಲ, ಎರಡು.

ಸ್ಟೆಪ್ 5: ನೋಖ್ ಮತ್ತು ಮೇರ್ ಸೇರಿಸೋದು

ಇದನ್ನ ಬಹಳ ಪುಸ್ತಕಗಳು ಕೊನೇಗೆ ತಳ್ತಾವೆ, ಆದ್ರೆ ಜರ್ಮನಿಗೆ ಇಳಿದ ಮೊದಲ ತಿಂಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರೋದು ಬೇರೆ ಇಲ್ಲ. "ಇನ್ನೂ ಇಲ್ಲ" ಅನ್ನೋಕೆ ಕೈನ್ ಹಿಂದೆ ನೋಖ್: ಇಶ್ ಹಾಬೆ ನೋಖ್ ಕೈನೆ ವೋನುಂಗ್, ಇನ್ನೂ ಮನೆ ಸಿಕ್ಕಿಲ್ಲ. ಇಶ್ ಹಾಬೆ ನೋಖ್ ಕೈನ್ ಕೊಂಟೊ, ಇನ್ನೂ ಬ್ಯಾಂಕ್ ಅಕೌಂಟ್ ಇಲ್ಲ. ಇಶ್ ಹಾಬೆ ನೋಖ್ ಕೈನೆನ್ ಟೆರ್ಮೀನ್, ಇನ್ನೂ ಅಪಾಯಿಂಟ್‌ಮೆಂಟ್ ಸಿಕ್ಕಿಲ್ಲ. ಆಫೀಸುಗಳಲ್ಲಿ ಈ ಕೊನೇ ವಾಕ್ಯ ಎಷ್ಟು ಸಲ ಹೇಳ್ಬೇಕಾಗತ್ತೋ.

"ಮುಂಚೆ ಇತ್ತು, ಈಗ ಮುಗೀತು" ಅನ್ನೋಕೆ ನಾಮಪದ ಆದ್ಮೇಲೆ ಮೇರ್: ವೀರ್ ಹಾಬೆನ್ ಕೈನ್ ಬ್ರೋಟ್ ಮೇರ್, ಬ್ರೆಡ್ ಖಾಲಿ ಆಯ್ತು. ಎಸ್ ಗಿಪ್ಟ್ ಕೈನೆ ಟಿಕೆಟ್ಸ್ ಮೇರ್, ಟಿಕೆಟ್ ಮುಗ್ದೋಯ್ತು. ನೋಖ್ ಕೈನ್ ಅಂದ್ರೆ ಮುಂದೆ ಬರಬಹುದು ಅನ್ನೋ ಧ್ವನಿ ಇರತ್ತೆ, ಬರೀ ಕೈನ್ ಅಂದ್ರೆ ಆ ಧ್ವನಿ ಇರಲ್ಲ. ಮನೆ ಹುಡುಕ್ತಿರೋರು "ಇಶ್ ಹಾಬೆ ಕೈನೆ ವೋನುಂಗ್" ಅಂದ್ರೆ ಇರೋಕೆ ಮನೇನೇ ಇಲ್ಲ ಅನ್ನೋ ಹಾಗೆ ಕೇಳಿಸತ್ತೆ, ಹಾಗಾಗಿ ಆ ನೋಖ್ ಬಿಡ್ಬೇಡಿ.

ಮನೆ ವಿಷಯ ಬಂತು ಅಂತ ಇನ್ನೊಂದು: ಜರ್ಮನಿಯಲ್ಲಿ ಬಾಡಿಗೆ ಮನೆಗಳು ಎಷ್ಟೋ ಸಲ ಅಡುಗೆಮನೆ ಫಿಟ್ಟಿಂಗ್ ಏನೂ ಇಲ್ದೆ ಬರ್ತಾವೆ, ಸಿಂಕು, ಸ್ಟೋವು, ಕಪಾಟು ಯಾವ್ದೂ ಇರಲ್ಲ. ಡೀ ವೋನುಂಗ್ ಹಾಟ್ ಕೈನೆ ಐನ್‌ಬೌಕೂಷೆ ಅಂತ ಯಾರಾದ್ರೂ ಅಂದ್ರೆ ಅದು ಇದೇ ಅರ್ಥ, ಆ ಕೈನೆ ಕಿವಿಗೆ ಬೀಳ್ದೆ ಹೋದ್ರೆ ಆಮೇಲೆ ಖರ್ಚು ನಿಮ್ಮದು.

ಸ್ಟೆಪ್ 6: "ಇಲ್ವಾ?" ಅಂತ ಕೇಳಿದ್ರೆ ಉತ್ತರ

ನಮ್ಮವರು ವ್ಯಾಕರಣ ಎಲ್ಲಾ ಸರಿ ಕಲ್ತಿದ್ರೂ ಇಲ್ಲಿ ಸಿಕ್ಕಾಕೊಳ್ತಾರೆ. ಕೌಂಟರಲ್ಲಿ ಕೇಳ್ತಾರೆ: ಹಾಬೆನ್ ಜೀ ಕೈನೆನ್ ಟೆರ್ಮೀನ್? ನಿಮಗೆ ಅಪಾಯಿಂಟ್‌ಮೆಂಟ್ ಇಲ್ವಾ? ಕನ್ನಡದಲ್ಲಿ ಇಲ್ದೇ ಇದ್ರೆ ನಾವು "ಹೂಂ, ಇಲ್ಲ" ಅಂತೀವಿ, ಅಂದ್ರೆ ನೀವು ಹೇಳಿದ್ದು ನಿಜ ಅಂತ ಒಪ್ಕೊಳ್ಳೋದು. ಅದೇ ಅಭ್ಯಾಸದಲ್ಲಿ ಜರ್ಮನ್‌ನಲ್ಲಿ "ಯಾ" (ಹೌದು) ಅಂದ್ರೆ ಎದುರಿಗಿರೋರಿಗೆ ಇದೆಯೋ ಇಲ್ವೋ ಅರ್ಥಾನೇ ಆಗಲ್ಲ. ಅಲ್ಲಿ ಲೆಕ್ಕ ಹೀಗೆ: ಇಲ್ಲ ಅಂದ್ರೆ ನೈನ್, ಇಶ್ ಹಾಬೆ ಕೈನೆನ್. ಇದೆ ಅಂದ್ರೆ ಡೋಖ್, ಇಶ್ ಹಾಬೆ ಐನೆನ್ ಟೆರ್ಮೀನ್. ಡೋಖ್ ಅನ್ನೋದು ನೆಗೆಟಿವ್ ಪ್ರಶ್ನೆಗೆ "ಇಲ್ಲ ಅಂತ ಯಾಕಂತೀರ, ಇದೆಯಲ್ಲ" ಅಂತ ತಿರುಗಿ ಹೇಳೋ ಪದ, ಇಂಥ ಪ್ರಶ್ನೆ ಬಂದಾಗ ಯಾ ಪೂರ್ತಿ ಮರ್ತುಬಿಡಿ.

ಈ ಉತ್ತರದಲ್ಲಿ ಕೈನೆನ್ ಒಂದೇ ನಿಂತಿದೆ, ಟೆರ್ಮೀನ್ ಮತ್ತೆ ಹೇಳಿಲ್ಲ, ಅದೂ ಸರಿಯೇ. ಒಂಟಿಯಾಗಿ ನಿಂತಾಗ ನಪುಂಸಕಕ್ಕೆ ಕೈನ್ ಅನ್ನೋದು ಕೈನ್ಸ್ ಆಗತ್ತೆ (ಹಾಬೆನ್ ಜೀ ಐನ್ ಔಟೊ? ನೈನ್, ಇಶ್ ಹಾಬೆ ಕೈನ್ಸ್), ಪುಲ್ಲಿಂಗ ಪ್ರಥಮಾ ಕೈನರ್ ಆಗತ್ತೆ. ಕೈನರ್ ಇಸ್ಟ್ ಡಾ ಅಂದ್ರೆ ಯಾರೂ ಇಲ್ಲ. ಇನ್ನು ನಿಶ್ಟ್ಸ್ ಅಂತ ಕೊನೇಲಿ ಸ ಸೇರಿದ್ರೆ ಅದು ಬೇರೆ ಪದ, "ಏನೂ ಇಲ್ಲ" ಅಂತ ಅರ್ಥ, ನಿಶ್ಟ್ ಜೊತೆ ಬೆರೆಸ್ಬೇಡಿ.

ಕೆಲವು ಅಡ್ಡದಾರಿಗಳು

ವಿಶೇಷಣ ನಡುವೆ ಬಂದ್ರೆ ಅದಕ್ಕೂ ಬಾಲ ಬೇಕು: ಡಾಸ್ ಇಸ್ಟ್ ಕೈನ್ ಗೂಟರ್ ಟೇ, ಡಾಸ್ ಇಸ್ಟ್ ಕೈನ್ ನೊಯೆಸ್ ಹ್ಯಾಂಡಿ, ಬಹುವಚನದಲ್ಲಿ ಯಾವಾಗ್ಲೂ ಎನ್, ಕೈನೆ ನೊಯೆನ್ ಶೂಎ. "ಜೊತೆಗೆ ಬೇಡ" ಅನ್ನೋಕೆ ಮಿಟ್ ಕೈನ್ ಅಂತ ಕಟ್ಟೋದು ಬೇಡ, ಓನೆ ಇದೆ: ಕಾಫೇ ಓನೆ ಟ್ಸುಕರ್, ಸಕ್ಕರೆ ಇಲ್ದ ಕಾಫಿ. ಭಾಷೆ ವಿಷಯದಲ್ಲಿ ಎರಡೂ ನಡೆಯತ್ತೆ, ಇಶ್ ಶ್ಪ್ರೆಶೆ ಕೈನ್ ಡೊಯ್ಚ್ ಅಂದ್ರೂ ಸರಿ, ನಿಶ್ಟ್ ಡೊಯ್ಚ್ ಅಂದ್ರೂ ಸರಿ. ಕೆಲಸ ಹೇಳುವಾಗ ಇಶ್ ಬಿನ್ ಕೈನ್ ಆರ್ಟ್ಸ್ಟ್, ನಾನು ಡಾಕ್ಟರ್ ಅಲ್ಲ.

ನನಗೆ ತುಂಬಾ ಇಷ್ಟ ಆಗೋ ಒಂದು ಪ್ರಯೋಗ ಸಂಖ್ಯೆ ಜೊತೆ ಬರೋದು. ಸ್ಟೇಷನ್‌ಗೆ ಐದು ನಿಮಿಷಾನೂ ಆಗಲ್ಲ: ಟ್ಸುಮ್ ಬಾನ್‌ಹೋಫ್ ಜಿಂಟ್ ಎಸ್ ಕೈನೆ ಫುನ್ಫ್ ಮಿನೂಟೆನ್. ನಮ್ಮ "ಐದು ನಿಮಿಷಾನೂ ಇಲ್ಲ" ಹೇಗೋ ಹಾಗೇ, ಅದಕ್ಕಿಂತ ಕಮ್ಮಿ ಅಂತ ಅರ್ಥ.

ಅಲ್ಲಿ ಇರೋರಾದ್ರೆ ಬೀದೀಲೇ ಪಾಠ ಇದೆ. ಪೋಸ್ಟ್ ಡಬ್ಬಿ ಮೇಲೆ "ಬಿಟೆ ಕೈನೆ ವೆರ್ಬುಂಗ್" ಅನ್ನೋ ಸ್ಟಿಕ್ಕರ್ ನೋಡಿ, ಜಾಹೀರಾತು ಹಾಕ್ಬೇಡಿ ಅಂತ. ಟ್ರೇನಿನ ಟಾಯ್ಲೆಟ್‌ನ ಕೊಳಾಯಿ ಹತ್ರ "ಕೈನ್ ಟ್ರಿಂಕ್‌ವಾಸರ್", ಕುಡಿಯೋ ನೀರಲ್ಲ. ಬಾಗಿಲ ಮೇಲೆ "ಕೈನ್ ಟ್ಸೂಟ್ರಿಟ್", ಪ್ರವೇಶ ಇಲ್ಲ. ಪ್ರತಿ ಬೋರ್ಡ್ ಮುಂದೆ ಒಂದು ಕ್ಷಣ ನಿಂತು ಇದು ಯಾವ ಲಿಂಗ, ಯಾಕೆ ಈ ಬಾಲ ಅಂತ ಕೇಳ್ಕೊಳ್ಳಿ. ಇಲ್ಲೇ ಇರೋರು ಕೈನೆ ಆನುಂಗ್ (ಗೊತ್ತೇ ಇಲ್ಲ), ಕೈನ್ ಪ್ರೊಬ್ಲೇಮ್ (ಪರ್ವಾಗಿಲ್ಲ), ಕೈನೆ ಜೋರ್ಗೆ (ಚಿಂತೆ ಬೇಡ) ಇವನ್ನ ದಿನಾ ಬಳಸಿ.

ಈಗ ನೀವೇ ಮಾಡಿ

ಉತ್ತರ ಪಕ್ಕದಲ್ಲೇ ಇದೆ, ಕೈ ಅಡ್ಡ ಇಟ್ಕೊಂಡು ಮೊದ್ಲು ನೀವು ಹೇಳಿ.

ನನಗೆ ಟೈಮಿಲ್ಲ. ಪಾಸಿಟಿವ್‌ನಲ್ಲಿ ಇಶ್ ಹಾಬೆ ಟ್ಸೈಟ್, ಹಿಂದೆ ಏನಿಲ್ಲ, ಸ್ತ್ರೀಲಿಂಗ: ಇಶ್ ಹಾಬೆ ಕೈನೆ ಟ್ಸೈಟ್.

ಆ ಮೇಲ್ ನಾನು ಓದಿಲ್ಲ. "ಆ" ಇದೆ, ನಿಶ್ಟ್, ಕೊನೇ ಕ್ರಿಯಾಪದದ ಹಿಂದೆ: ಇಶ್ ಹಾಬೆ ಡೀ ಈಮೇಲ್ ನಿಶ್ಟ್ ಗೆಲೇಸೆನ್.

ನಮಗೆ ಇನ್ನೂ ಮಕ್ಕಳಿಲ್ಲ. ಬಹುವಚನ, ನೋಖ್ ಬೇಕು: ವೀರ್ ಹಾಬೆನ್ ನೋಖ್ ಕೈನೆ ಕಿಂಡರ್.

ನಾನು ಮೈಸೂರಲ್ಲಿ ಇರೋದಲ್ಲ. ಊರಿನ ಹೆಸರು, ಪ್ರಿಪೊಸಿಷನ್‌ಗೆ ಮುಂಚೆ: ಇಶ್ ವೋನೆ ನಿಶ್ಟ್ ಇನ್ ಮೈಸೂರು.

ಇದು ಟೀ ಅಲ್ಲ, ಕಾಫಿ. ಟೇ ಪುಲ್ಲಿಂಗ ಅಂತ ನೋಡಿ ಕೈನೆನ್ ಅಂತ ಬಾಯಿಗೆ ಬಂದಿದ್ರೆ ಕ್ರಿಯಾಪದ ಇನ್ನೊಂದ್ಸಲ ನೋಡಿ, ಇಸ್ಟ್ ಇದೆ, ಪ್ರಥಮಾನೇ: ಡಾಸ್ ಇಸ್ಟ್ ಕೈನ್ ಟೇ, ಸೊಂಡರ್ನ್ ಕಾಫೇ. ಅದೇ ಟೀ ಕುಡಿಯಲ್ಲ ಅಂದ್ರೆ ಇಶ್ ಟ್ರಿಂಕೆ ಕೈನೆನ್ ಟೇ.